ಬೇಡ ಎಂದರೂ ಬಡಿಸಿದ ನೌಕರಿ

ಉಪಚಾರ ಮಾಡುವುದನ್ನು ನನಗೆ ಯಾರೂ ಕಲಿಸಬೇಕಾಗಿಲ್ಲ. ಮಾಟುಂಗದ ಮದುವೆ ಹಾಲ್ ಒಂದರಲ್ಲಿ ಮೂವತ್ತನಾಲ್ಕು ವರ್ಷ ಬಡಿಸುವವರ ಮೇಲ್ವಿಚಾರಕನಾಗಿದ್ದವನು ನಾನು. ನನ್ನ ಪಂಕ್ತಿಯಲ್ಲಿ ಕೂತು, ಬೆಲ್ಟ್ ಸಡಿಲಿಸದೆ ಎದ್ದುಹೋದ ಗಂಡಸು ಇಡೀ ಮುಂಬಯಿಯಲ್ಲಿ ಇಲ್ಲ. ಎಲೆಯ ಮೇಲೆ ಎರಡೂ ಕೈ ಅಡ್ಡ ಹಿಡಿದು "ಬೇಡ, ಬೇಡ" ಎಂದು ಗೋಗರೆದವರಿಗೂ ಬೆರಳ ಸಂದಿಯಿಂದ ಪಾಯಸ ಇಳಿಸಿದ ಕೀರ್ತಿ ನನ್ನದು. ನಮ್ಮ ಕಡೆ ಬೇಡ ಎಂಬುದಕ್ಕೂ ಒಂದು ಶಾಸ್ತ್ರವಿದೆ. ಮೊದಲನೆಯ ಬೇಡ ಸಂಕೋಚದ್ದು. ಎರಡನೆಯದು ಮರ್ಯಾದೆಯದ್ದು. ಮೂರನೆಯದು ಮಾತ್ರ ಹೊಟ್ಟೆಯದ್ದು. ಅದನ್ನೂ ಪೂರ್ತಿ ನಂಬುವಂತಿಲ್ಲ!

ನಿವೃತ್ತನಾಗಿ ವಿಲೆ ಪಾರ್ಲೆಯ ಮನೆಯಲ್ಲಿ ಕೂತ ಮೇಲೆ ಈ ಮಹಾವಿದ್ಯೆಗೆ ಉಳಿದ ಏಕೈಕ ಪಂಕ್ತಿ ನನ್ನ ಹೆಂಡತಿ ಗಿರಿಜೆ. ಬೆಳಿಗ್ಗೆ ನಾನೇ ದೋಸೆ ಹುಯ್ದು ಬಡಿಸುತ್ತಿದ್ದೆ. ಅವಳು ಬೇಡ ಎಂದರೆ ಒಂದು, ಬೇಡವೇ ಬೇಡ ಎಂದರೆ ಎರಡು. ಹೀಗೆ ಎಂಟು ತಿಂಗಳು ನಡೆಯಿತು. ಒಂದು ದಿನ ಅವಳು ತಟ್ಟೆ ಎತ್ತಿಕೊಂಡು ಬಾತ್‌ರೂಮಿಗೆ ಹೋಗಿ ಒಳಗಿನಿಂದ ಚಿಲಕ ಹಾಕಿಕೊಂಡಳು.

"ಮಾರಾಯ್ರೆ, ನಿಮಗೆ ಪುಣ್ಯ ಬರ್ತದೆ, ಹೊರಗೆ ಎಲ್ಲಿಯಾದರೂ ಹೋಗಿ ಯಾರಿಗಾದರೂ ಸಹಾಯ ಮಾಡಿ. ನನಗೊಂದು ಮಾಡಬೇಡಿ!" ಎಂದು ಒಳಗಿನಿಂದಲೇ ಕೂಗಿದಳು.

ಮರುದಿನ ಅವಳೇ ಬಿಲ್ಡಿಂಗಿನ ವಾಟ್ಸಾಪ್ ಗುಂಪಿನಲ್ಲಿ ಬಂದ ಒಂದು ಪ್ರಕಟಣೆ ತೋರಿಸಿದಳು. ಪರೇಲಿನಲ್ಲಿ ಒಂದು ಸಂಸ್ಥೆ. ಮಾನಸಿಕ ಕಾಯಿಲೆ ಇರುವವರಿಗೆ ಕೆಲಸ ಹುಡುಕಿಕೊಡಲು, ಸಿಕ್ಕಿದ ಕೆಲಸ ಕೈತಪ್ಪದಂತೆ ಬೆನ್ನಿಗೆ ನಿಲ್ಲಲು ಸಿಬ್ಬಂದಿ ಬೇಕಂತೆ. ಹೆಸರು ಜಾಬ್ ಕೋಚ್. ತರಬೇತಿ ಅವರೇ ಕೊಡುತ್ತಾರಂತೆ. ನಾನು ಓದಿ ನಕ್ಕೆ. ಮಾಟುಂಗದಿಂದ ಪಾರ್ಲೆವರೆಗಿನ ಪ್ರತಿ ಉಡುಪಿ ಹೋಟೆಲಿನ ಮಾಲೀಕ ನನ್ನನ್ನು ಕಂಡರೆ ಗಲ್ಲಾದಿಂದ ಎದ್ದು ನಿಲ್ಲುತ್ತಾನೆ. ಕೆಲಸ ಹುಡುಕಿಕೊಡುವುದು ನನಗೆ ಯಾವ ದೊಡ್ಡ ಮಾತು! ಫೋನ್ ಮಾಡಿದೆ. "ಬನ್ನಿ ಸರ್, ನಿಮ್ಮಂಥ ಅನುಭವಿಗಳೇ ಬೇಕು" ಎಂದರು. ತರಬೇತಿ ಕೊಡಲು ಕರೆಯುತ್ತಿದ್ದಾರೆಂದು ನಾನು ತಿಳಿದೆ.

ಸೋಮವಾರ ಜರಿ ಅಂಚಿನ ಪಂಚೆ ಉಟ್ಟು, ಶಾಲು ಹೊದ್ದು, ಅರ್ಧ ಗಂಟೆಯ ಭಾಷಣ ಬರೆದುಕೊಂಡು ಪರೇಲಿಗೆ ಹೋದೆ. ಬಾಗಿಲಲ್ಲಿ ಒಬ್ಬ ಹುಡುಗಿ ನನ್ನ ಶಾಲಿಗೆ ಒಂದು ಬ್ಯಾಡ್ಜ್ ಚುಚ್ಚಿದಳು. ಅದರಲ್ಲಿ 'ಟ್ರೇನಿ' ಎಂದಿತ್ತು. ಅರವತ್ತೆರಡನೆಯ ವಯಸ್ಸಿನಲ್ಲಿ! ನನ್ನನ್ನು ಮೂರನೆಯ ಬೆಂಚಿನಲ್ಲಿ ಕೂರಿಸಿ, ಬ್ಯಾಡ್ಜ್ ಚುಚ್ಚಿದ ಆ ಹುಡುಗಿಯೇ ಹೋಗಿ ಬೋರ್ಡಿನ ಮುಂದೆ ನಿಂತಳು. ಅವಳೇ ತರಬೇತುದಾರಳು, ತನ್ವಿ ಮೇಡಂ. ನನ್ನ ಮಗಳಿಗಿಂತ ನಾಲ್ಕು ವರ್ಷ ಚಿಕ್ಕವಳು. ನಾನು ಭಾಷಣವನ್ನು ಮೆಲ್ಲನೆ ಮಡಚಿ ಕಿಸೆಗೆ ಹಾಕಿದೆ.

ತನ್ವಿ ಮೇಡಂ ಹಿಂದಿಯಲ್ಲಿ ಪಾಠ ಶುರು ಮಾಡಿದರು. ಕೆಲಸ ಬೇಕಾದವರನ್ನು ಮೊದಲು ಕೇಳಬೇಕು, ನಿಮಗೆ ಯಾವ ಕೆಲಸ ಬೇಕು ಎಂದು. ಅವರು ಹೇಳಿದ್ದನ್ನು ನಂಬಬೇಕು. ಅವರ ಕಾಯಿಲೆಯ ವಿಷಯ ಅವರ ಒಪ್ಪಿಗೆ ಇಲ್ಲದೆ ಮಾಲೀಕರಿಗೆ ಹೇಳಕೂಡದು. ಅವರ ಕೆಲಸವನ್ನು ನಾವು ಮಾಡಕೂಡದು. ಅವರು ನಿಂತುಕೊಂಡ ಮೇಲೆ ನಾವು ಮೆಲ್ಲಗೆ ಜಾಗ ಖಾಲಿ ಮಾಡಬೇಕು. ಇಷ್ಟೇ! ಇದಕ್ಕೆ ಮೂರು ವಾರದ ತರಬೇತಿಯೇ ಎಂದು ನನಗೆ ನಗು ಬಂತು.

ಆಮೇಲೆ ಅಭಿನಯ. ಮೇಡಂ ಕೆಲಸ ಹುಡುಕುವವರಾದರು, ನಾನು ಕೋಚ್ ಆದೆ. ನಾನು ಗಂಟಲು ಸರಿಮಾಡಿಕೊಂಡು, "ಬೇಟಿ, ನಿನಗೆ ಹೋಟೆಲಿನಲ್ಲಿ ಒಳ್ಳೆ ಕೆಲಸ ಇದೆ" ಎಂದೆ.

"ನಹೀ ಚಾಹಿಯೇ" ಎಂದರು ಮೇಡಂ.

ನಾನು ನಸುನಕ್ಕು, ಸೌಟು ಹಿಡಿದವನ ಹಾಗೆ ಸ್ವಲ್ಪ ಬಗ್ಗಿ, "ಥೋಡಾ ಸಾ?" ಎಂದೆ.

ಇಡೀ ಕ್ಲಾಸ್ ಗೊಳ್ಳೆಂದಿತು. "ಸೀತಾರಾಮ್ ಕಾಕಾ, ನಹೀ ಮತ್ಲಬ್ ನಹೀ" ಎಂದರು ಮೇಡಂ. ಬೇಡ ಎಂದರೆ ಬೇಡವಂತೆ! ನಾನು ಬಿಡಲಿಲ್ಲ. ಎದ್ದು ನಿಂತು ಸಂಕೋಚದ ಬೇಡ, ಮರ್ಯಾದೆಯ ಬೇಡ, ಹೊಟ್ಟೆಯ ಬೇಡ ಎಂದು ನಮ್ಮ ಶಾಸ್ತ್ರವನ್ನು ಸವಿಸ್ತಾರವಾಗಿ ವಿವರಿಸಿದೆ. ಮೇಡಂ ಅದನ್ನೆಲ್ಲ ಬೋರ್ಡಿನ ಮೇಲೆ ಬರೆದುಕೊಂಡರು. ನನಗೆ ಹೆಮ್ಮೆಯಾಯಿತು. ಬರೆದು ಮುಗಿಸಿ ಅದರ ಸುತ್ತ ಕೆಂಪು ಗೆರೆ ಎಳೆದು, "ಮುಂದಿನ ಮೂರು ವಾರ ನಾವು ಮರೆಯಬೇಕಾದದ್ದು ಇದು" ಎಂದರು. ನಾನು ಕೂತೆ.

ಪಾಠ ಮುಗಿದ ಮೇಲೆ ಪ್ರಾಕ್ಟಿಕಲ್. ಪ್ರತಿಯೊಬ್ಬ ಟ್ರೇನಿಗೂ ಕೆಲಸ ಹುಡುಕುವ ಒಬ್ಬರ ಜವಾಬ್ದಾರಿ. ಅವರಿಗೆ ಕೆಲಸ ಸಿಗಬೇಕು, ಸಿಕ್ಕಿದ ಕೆಲಸ ಮೂರು ತಿಂಗಳು ಉಳಿಯಬೇಕು. ಆಗ ನಮಗೆ ಸರ್ಟಿಫಿಕೇಟ್.

ನನ್ನ ಪಾಲಿಗೆ ಬಂದವಳು ಸವಿತಾ. ಮೂವತ್ತೊಂದು ವರ್ಷ, ಬಾಗಲಕೋಟೆ ಕಡೆಯವಳು, ಪರೇಲಿನ ಚಾಳಿನಲ್ಲಿ ತಾಯಿಯ ಜೊತೆ ಇದ್ದಾಳೆ. ಕಾಲೇಜಿನಲ್ಲಿದ್ದಾಗ ಕಿವಿಯಲ್ಲಿ ಯಾರೋ ಮಾತಾಡಿದಂತೆ ಕೇಳುವ ಕಾಯಿಲೆ ಶುರುವಾಗಿ, ಆಸ್ಪತ್ರೆಯಾಗಿ, ಈಗ ಗುಳಿಗೆಯಲ್ಲಿ ಹಿಡಿತದಲ್ಲಿದೆ. ತಲೆ ತಗ್ಗಿಸಿ ಕೂತು, ಮೇಜಿನ ಮೇಲಿದ್ದ ಪೇಪರ್ ನ್ಯಾಪ್‌ಕಿನ್ನನ್ನು ಮಡಚುತ್ತ ಬಿಚ್ಚುತ್ತ ಮಾತಾಡಿದಳು.

"ರಾತ್ರಿ ಗುಳಿಗಿ ತಗೊಂಡ್ರ ಮುಂಜಾನಿ ಒಂಬತ್ತರ ತನಕ ತಲಿ ಭಾರ ಇರತೈತ್ರಿ. ಹತ್ತಕ್ಕ ಶುರು ಆಗೋ ಕೆಲಸ ಇದ್ರ ನೋಡ್ರಿ. ಮಂದಿ ಗದ್ಲ ಬ್ಯಾಡ. ಬಟ್ಟಿ ಮಡಚೂದು ನನಗ ಭಾಳ ಸೇರತೈತಿ. ಮೂಲಿಗೆ ಮೂಲಿ ಕೂಡಿತಂದ್ರ ತಲಿಯಾಗಿನ ಗದ್ಲನೂ ಸುಮ್ನ ಆಗತೈತಿ. ಪಾರ್ಲೆದಾಗ ಹೋಟೆಲ್ ಚಾದರ ಒಗಿಯೋ ಲಾಂಡ್ರಿ ಅದಾವಂತ. ಅಂಥಾದ್ದೊಂದು ಸಿಕ್ರ ಸಾಕ್ರಿ."

"ಮೊದಲು ಎಲ್ಲಾದರೂ ಕೆಲಸ ಮಾಡಿದ್ದಿಯಾ?"

"ಎರಡು ಕಡೆ. ಎರಡೂ ಹೋದ್ವು. ಎರಡೂ ಬ್ಯಾರೆ ಮಂದಿ ಹುಡುಕಿ ಕೊಟ್ಟಿದ್ರು, ನಾ ಕೇಳಿದ್ದಲ್ರಿ." ನ್ಯಾಪ್‌ಕಿನ್ನಿನ ಮಡಿಕೆಯನ್ನು ಉಗುರಿನಿಂದ ಒತ್ತುತ್ತ ಹೇಳಿದಳು: "ಇದೂ ಹೋತಂದ್ರ ನಮ್ಮಣ್ಣ ಕಲ್ಯಾಣಕ್ಕ ಕರ್ಕೊಂಡ ಹೋಗ್ತಾನಂತ್ರಿ. ಕೆಲಸ ಬ್ಯಾಡ, ಏನೂ ಬ್ಯಾಡ, ಟಿವಿ ನೋಡ್ಕೋತ ಕುಂಡ್ರು ಅಂತಾನ. ನನಗ ಹಂಗ ಕುಂಡ್ರಾಕ ಆಗೂದಿಲ್ರಿ ಅಂಕಲ್."

ಎಂಥ ಒಳ್ಳೆಯ ಹುಡುಗಿ! ಎಷ್ಟು ಸಂಕೋಚ! ಡಿಗ್ರಿ ಓದಿದವಳು ಬಟ್ಟೆ ಮಡಚುವ ಕೆಲಸ ಕೇಳುತ್ತಿದ್ದಾಳೆ. ಪಂಕ್ತಿಯಲ್ಲಿ ಹೋಳಿಗೆ ಬಂದಾಗ 'ನನಗೆ ಉಪ್ಪಿನಕಾಯಿ ಸಾಕು' ಎನ್ನುವವರನ್ನು ನಾನು ನೋಡಿಲ್ಲವೇ? ಫೈಲಿನಲ್ಲಿ ಅವಳು ಹೇಳಿದ್ದನ್ನೆಲ್ಲ ಬರೆದೆ. ಕೆಳಗೆ ನನ್ನ ಷರಾ ಹಾಕಿದೆ: 'ಅತಿಯಾದ ಸಂಕೋಚ ಸ್ವಭಾವ. ಇದಕ್ಕಿಂತ ದೊಡ್ಡದು ಕೊಡಿಸತಕ್ಕದ್ದು.'

ಮರುದಿನವೇ ಮಾಟುಂಗಕ್ಕೆ ಹೋಗಿ ಭಾಸ್ಕರಣ್ಣನ ಹೋಟೆಲಿಗೆ ನುಗ್ಗಿದೆ. ಭಾಸ್ಕರಣ್ಣ ನನ್ನ ಹಳೆಯ ದೋಸ್ತಿ, ಉಡುಪಿಯವನು. ಅವನ ಹೋಟೆಲಿನ ಮುಂದೆ ರವಿವಾರ ಬೆಳಿಗ್ಗೆ ನೂರು ಜನ ಕಾಯುತ್ತಾರೆ. ಬಾಗಿಲಲ್ಲಿ ಒಬ್ಬರು ಕೂತು, ಬಂದವರ ಹೆಸರು, ಎಷ್ಟು ಮಂದಿ ಎಂದು ಬರೆದುಕೊಂಡು, ಟೇಬಲ್ ಖಾಲಿಯಾದ ಹಾಗೆ ಕೂಗಿ ಕರೆಯಬೇಕು. ಆ ಕೆಲಸ ಖಾಲಿ ಇತ್ತು. ಕುರ್ಚಿ ಇದೆ! ತಲೆಯ ಮೇಲೆ ಫ್ಯಾನ್ ಇದೆ! ಕೈಯಲ್ಲಿ ಪೆನ್ಸಿಲ್! ಮಾಟುಂಗದ ಅರ್ಧ ಗಣ್ಯರು ಕೈಕಟ್ಟಿಕೊಂಡು ಎದುರು ನಿಲ್ಲುವ ಹುದ್ದೆ! ಬೆಳಿಗ್ಗೆ ಏಳಕ್ಕೆ ಶುರು ಎಂಬುದು, ಗದ್ದಲ ಇರುತ್ತದೆ ಎಂಬುದು ನನ್ನ ಕಣ್ಣಿಗೆ ಬೀಳಲೇ ಇಲ್ಲ.

"ಹುಡುಗಿ ಹೇಗೆ?" ಎಂದು ಕೇಳಿದ ಭಾಸ್ಕರಣ್ಣ.

ಕಾಯಿಲೆಯ ವಿಷಯ ಹೇಳಕೂಡದೆಂಬ ಪಾಠ ಥಟ್ಟನೆ ನೆನಪಾಯಿತು. ಗಂಭೀರನಾಗಿ, "ಅವಳ ಬಗ್ಗೆ ನಾನು ಏನೂ ಹೇಳುವಂತಿಲ್ಲ" ಎಂದೆ.

ಭಾಸ್ಕರಣ್ಣನ ಮುಖ ಬದಲಾಯಿತು. "ಯಾಕೆ? ಪೊಲೀಸ್ ಕೇಸಾ?"

"ಅದನ್ನೂ ಹೇಳುವಂತಿಲ್ಲ!"

"ಮನೆ ಬಿಟ್ಟು ಓಡಿ ಬಂದವಳಾ? ಸೀತಾರಾಮಣ್ಣ, ನನ್ನ ಹೋಟೆಲಿಗೆ ಎಂತ ತಂದು ಹಾಕ್ತಿದ್ದಿ ನೀನು?"

ಪರಿಸ್ಥಿತಿ ಕೈಮೀರಿತು. ಒಂದು ಹೆಣ್ಣುಮಗಳ ಮೇಲೆ ಸುಳ್ಳು ಅನುಮಾನ ಬರುವುದಕ್ಕಿಂತ ನಿಜ ಹೇಳುವುದೇ ಮೇಲೆಂದು ನಾನು ಅವನ ಕಿವಿಯ ಬಳಿ ಬಗ್ಗಿದೆ. ಗಿರಾಕಿಗಳಿಗೆ ಗೊತ್ತಾಗಬಾರದಲ್ಲ? ಅದಕ್ಕೆ ಪೂರ್ತಿ ಗುಟ್ಟಾಗಿರಲಿ ಎಂದು ತುಳುವಿನಲ್ಲಿ ಹೇಳಿದೆ. ಕಾಯಿಲೆ, ಆಸ್ಪತ್ರೆ, ಗುಳಿಗೆ, ಎಲ್ಲವನ್ನೂ. "ಅವಳಿಗೆ ಎದುರು ಮಾತಾಡಬೇಡಿ, ಸಲೀಸಾಗಿ ನೋಡಿಕೊಳ್ಳಿ" ಎಂದೂ ಸೇರಿಸಿದೆ.

ನೆಟ್ಟಗಾಗಿ ನೋಡುತ್ತೇನೆ, ಹೋಟೆಲ್ ಸ್ತಬ್ಧ! ದೋಸೆ ಭಟ್ಟರು ಸಟ್ಟುಗ ಎತ್ತಿ ಹಿಡಿದು ನಿಂತಿದ್ದಾರೆ. ಕಾಫಿ ಸೋಸುವವನು ಸೋಸುವುದು ಬಿಟ್ಟಿದ್ದಾನೆ. ಟೇಬಲ್ ಒರೆಸುವವನು ಒರೆಸಿದ್ದನ್ನೇ ಒರೆಸುತ್ತಿದ್ದಾನೆ. "ಪಾಪ ಪೊಣ್ಣು" ಎಂದು ಒಳಗಿನಿಂದ ಯಾರೋ ನಿಟ್ಟುಸಿರಿಟ್ಟರು. ಉಡುಪಿ ಹೋಟೆಲಿನಲ್ಲಿ, ಹದಿನೆಂಟು ಮಂದಿ ಉಡುಪಿಯವರ ನಡುವೆ, ತುಳುವಿನಲ್ಲಿ ಗುಟ್ಟು ಹೇಳಿದ ಮಹಾಪುರುಷ ನಾನೊಬ್ಬನೇ ಇರಬೇಕು!

ಆದರೂ ಕೆಲಸ ಸಿಕ್ಕಿತಲ್ಲ ಎಂದು ಸಮಾಧಾನ ಮಾಡಿಕೊಂಡೆ. ಸವಿತಾಳಿಗೆ ಫೋನ್ ಮಾಡಿದೆ.

"ಬ್ಯಾಡ್ರಿ ಅಂಕಲ್" ಎಂದಳು. ಸಂಕೋಚದ್ದು.

ಹೋಟೆಲಿನ ಹೆಸರು ಹೇಳಿ, ಫ್ಯಾನ್ ವರ್ಣಿಸಿದೆ. "ನನಗ ಆಗೂದಿಲ್ರಿ, ಬ್ಯಾಡ್ರಿ" ಎಂದಳು. ಮರ್ಯಾದೆಯದ್ದು.

"ನಾನು ಮಾತು ಕೊಟ್ಟಿದ್ದೇನಮ್ಮ. ಒಂದೇ ಒಂದು ದಿನ. ನನಗೋಸ್ಕರ" ಎಂದೆ. ಆ ಕಡೆ ಬಹಳ ಹೊತ್ತು ಸದ್ದಿಲ್ಲ. ಆಮೇಲೆ, "ಹೂಂ ರಿ" ಎಂದಳು. ಗೆದ್ದೆ! ಗಿರಿಜೆ ಪಕ್ಕದಲ್ಲೇ ಕೂತು ಕೇಳುತ್ತಿದ್ದಳು. "ಆ ಹುಡುಗಿ ಮೂರು ಸಲ ಬೇಡ ಅಂದಳಲ್ಲ" ಎಂದಳು. "ಎರಡೇ ಸಲ" ಎಂದೆ. "ಮೂರನೆಯದನ್ನು ಬಾಯಿ ಬಿಟ್ಟು ಹೇಳಲಿಲ್ಲ, ಅಷ್ಟೆ" ಎಂದಳು. ತನ್ವಿ ಮೇಡಂಗೆ ಸೋಮವಾರ ಒಮ್ಮೆಲೇ ಆಶ್ಚರ್ಯ ಕೊಡೋಣವೆಂದು ನಾನು ಅವರಿಗೆ ಏನೂ ತಿಳಿಸಲಿಲ್ಲ.

ರವಿವಾರ ಏಳಕ್ಕೆ ಸವಿತಾ ಬಂದಳು. ಕಣ್ಣು ಎಳೆಯುತ್ತಿತ್ತು, ಆದರೂ ಬಂದಳು. ಕುರ್ಚಿಯಲ್ಲಿ ಕೂತಳೋ ಇಲ್ಲವೋ, ಉಪಚಾರ ಆರಂಭವಾಯಿತು. ಕಾಫಿಯವನು ಒಂದು ಕಾಫಿ ತಂದಿಟ್ಟ. ಐದು ನಿಮಿಷಕ್ಕೆ ಇನ್ನೊಂದು. ಭಟ್ಟರು ಒಳಗಿನಿಂದ ಬಂದು, ಕಿವುಡರಿಗೆ ಹೇಳುವಂತೆ, "ಹೆ-ದ-ರ-ಬೇ-ಡ ಮಗಾ" ಎಂದು ಬಿಡಿಸಿ ಬಿಡಿಸಿ ಹೇಳಿ ಹೋದರು. ಭಾಸ್ಕರಣ್ಣ ಅವಳ ಕೈಯಿಂದ ಚೂಪಾದ ಪೆನ್ಸಿಲ್ ಮೆಲ್ಲನೆ ತೆಗೆದುಕೊಂಡು ಮೊಂಡು ಪೆನ್ಸಿಲ್ ಕೊಟ್ಟ! ಸವಿತಾ ತಲೆ ಎತ್ತಿ ಒಮ್ಮೆ ಎಲ್ಲರನ್ನೂ ನೋಡಿದಳು, ಆಮೇಲೆ ನನ್ನನ್ನು ನೋಡಿದಳು. ನಾನು ಗೋಡೆಯ ಮೇಲಿನ ದರಪಟ್ಟಿ ಓದತೊಡಗಿದೆ.

ಎಂಟು ಗಂಟೆಗೆ ಜನ ನುಗ್ಗಿದರು. ಸವಿತಾ ಹೆಸರು ಬರೆಯುತ್ತಿದ್ದಳು, ಆದರೆ ಕೂಗುವ ದನಿ ಸಣ್ಣದು. ಪಕ್ಕದಲ್ಲಿ ನಿಂತಿದ್ದ ನನಗೆ ತಡೆಯಲಾಗಲಿಲ್ಲ. ಮೂವತ್ತನಾಲ್ಕು ವರ್ಷ ಸಾವಿರ ಜನರ ಪಂಕ್ತಿ ಆಳಿದ ಗಂಟಲು ಇದು! ನಾನೇ ಕೂಗಿದೆ. ಕೂಗಿದ್ದಷ್ಟೇ ಅಲ್ಲ, ಗುಂಪಿನಲ್ಲಿ ಕನ್ನಡ ಸಂಘದ ಹಿರಿಯರೊಬ್ಬರು ಕಂಡರು. ಹಿರಿಯರನ್ನು ನಿಲ್ಲಿಸುವುದೇ? "ಬನ್ನಿ ಬನ್ನಿ" ಎಂದು ಒಳಗೆ ಕರೆದೆ. ಅವರು "ಬೇಡ, ಸರತಿಯಲ್ಲೇ ಬರುತ್ತೇನೆ" ಎಂದರು. ಸಂಕೋಚ! ಕೈಹಿಡಿದು ಎಳೆದು ಒಳಗೆ ಕೂರಿಸಿದೆ. ಅಷ್ಟರಲ್ಲಿ ಮುಕ್ಕಾಲು ಗಂಟೆಯಿಂದ ಕಾಯುತ್ತಿದ್ದ ಎಂಟು ಜನರ ಗುಜರಾತಿ ಕುಟುಂಬವೊಂದು ಸಿಡಿದೆದ್ದಿತು. ಅವರ ಹಿಂದೆ ಇನ್ನೊಂದು ಕುಟುಂಬ. "ಲಿಸ್ಟ್ ಯಾರದು? ಯಾರು ಬರೆದದ್ದು?" ಎಂದು ಎಲ್ಲರೂ ಸವಿತಾಳ ಕುರ್ಚಿಯ ಸುತ್ತ ಮುತ್ತಿ ಬೈಯತೊಡಗಿದರು. ನಾನು ಅವರನ್ನು ಸಮಾಧಾನ ಮಾಡಲು ಮೆಟ್ಟಿಲು ಹತ್ತಿ ನಿಂತು ಕೈಮುಗಿದು, ಇಡೀ ರಸ್ತೆಗೆ ಕೇಳುವಂತೆ ಕ್ಷಮೆ ಕೇಳಿದೆ. ಹತ್ತು ನಿಮಿಷದ ಮೇಲೆ ತಿರುಗಿ ನೋಡಿದೆ.

ಕುರ್ಚಿ ಖಾಲಿ!

ಲಿಸ್ಟ್ ಮೇಜಿನ ಮೇಲಿತ್ತು. ಒಂದೂ ತಿದ್ದಿದ ಗುರುತಿಲ್ಲ. ಹೆಸರು, ಎಷ್ಟು ಮಂದಿ, ಬಂದ ಹೊತ್ತು, ಎಲ್ಲ ಅಚ್ಚುಕಟ್ಟು. ತಪ್ಪಿದ್ದು ನಾನು ಕೂಗಿದ್ದು ಮಾತ್ರ. ಲಿಸ್ಟಿನ ಮೇಲೆ ಮೊಂಡು ಪೆನ್ಸಿಲ್ ಅಡ್ಡ ಇಟ್ಟಿತ್ತು.

ಫೋನ್ ಮಾಡಿದರೆ ಸ್ವಿಚ್ ಆಫ್. ಗುಡಿಯ ಮುಂದೆ ಓಡಿದೆ, ಹೂವಿನ ಅಂಗಡಿಗಳ ಸಾಲಿಗೆ ಓಡಿದೆ, ಸ್ಟೇಷನ್ ಬ್ರಿಜ್ ಹತ್ತಿ ಇಳಿದೆ. ಅವಳ ತಾಯಿಗೆ ಏನು ಹೇಳಲಿ? ನನ್ನ ಮೇಲೆ ನಂಬಿಕೆಯಿಟ್ಟು ಕಳಿಸಿದ ಮಗಳನ್ನು ಮೊದಲ ದಿನವೇ ಕಳೆದೆ ಎಂದೇ? ಆ ಅರ್ಧ ಗಂಟೆ ನಾನು ಪಟ್ಟ ಹೆದರಿಕೆಯನ್ನು ತಮಾಷೆ ಮಾಡಿ ಬರೆಯಲು ಈಗಲೂ ನನಗೆ ಆಗುವುದಿಲ್ಲ.

ಏದುಸಿರು ಬಿಡುತ್ತ ಹೋಟೆಲಿಗೆ ವಾಪಸು ಬಂದರೆ ಭಾಸ್ಕರಣ್ಣ ಆರಾಮವಾಗಿ, "ಅವಳಾ? ಲಾಂಡ್ರಿ ಟೆಂಪೋದ ಮುಂದಿನ ಸೀಟಿನಲ್ಲಿ ಕೂತು ಹೋದಳಲ್ಲ. ನಮ್ಮ ಹುಡುಗರ ಯೂನಿಫಾರ್ಮ್ ಒಯ್ಯಲಿಕ್ಕೆ ಬಂದಿತ್ತು" ಎಂದ.

"ನೋಡಿಯೂ ಸುಮ್ಮನಿದ್ದೆಯಾ? ತಡೆಯಬಾರದಿತ್ತಾ?"

"ಅವಳಿಗೆ ಎದುರು ಮಾತಾಡಬೇಡಿ ಅಂದವನು ನೀನೇ ಅಲ್ಲವಾ ಮಾರಾಯ!"

ತನ್ವಿ ಮೇಡಂಗೆ ಫೋನ್ ಮಾಡಿ, ತುಳು ಗುಟ್ಟಿನಿಂದ ಟೆಂಪೋದವರೆಗೆ ಎಲ್ಲವನ್ನೂ ಒಪ್ಪಿಸಿದೆ. ಅವರು ಬೈಯುತ್ತಾರೆ ಎಂದುಕೊಂಡಿದ್ದೆ. ಬೈಯಲಿಲ್ಲ. "ಕಾಕಾ, ಅವಳು ಯಾವ ಕೆಲಸ ಬೇಕು ಅಂದಿದ್ದಳು?" ಎಂದು ಕೇಳಿದರು. ಚೀಲದಿಂದ ಫೈಲ್ ತೆಗೆದೆ. ನನ್ನದೇ ದುಂಡು ಅಕ್ಷರದಲ್ಲಿ ಬರೆದಿತ್ತು: ಪಾರ್ಲೆ, ಲಾಂಡ್ರಿ, ಬಟ್ಟೆ ಮಡಚುವುದು. ಕೆಳಗೆ ನನ್ನ ಷರಾ. ಓದಿ ನನಗೇ ನಾಚಿಕೆಯಾಯಿತು.

ಟೆಂಪೋದ ವಿಳಾಸ ಭಾಸ್ಕರಣ್ಣನ ಬಳಿ ಇತ್ತು. ನೋಡಿದರೆ ನಮ್ಮ ಬಿಲ್ಡಿಂಗಿನ ಹಿಂದಿನ ಎರಡನೆಯ ಗಲ್ಲಿ! ಮಾಟುಂಗ ರೋಡಿನಿಂದ ಲೋಕಲ್ ಹಿಡಿದು ಪಾರ್ಲೆಗೆ ಓಡಿದೆ. ಒಂದು ಉದ್ದನೆಯ ಶೆಡ್. ಏರ್‌ಪೋರ್ಟ್ ಕಡೆಯ ಹೋಟೆಲುಗಳ ಬಿಳಿ ಚಾದರಗಳ ಬೆಟ್ಟ. ಆ ಬೆಟ್ಟದ ಪಕ್ಕ ಸವಿತಾ ನಿಂತು ಚಾದರ ಮಡಚುತ್ತಿದ್ದಳು. ಮೂಲೆಗೆ ಮೂಲೆ ಕೂಡಿಸಿ, ಕೈಯಿಂದ ಒಮ್ಮೆ ಸವರಿ, ಮತ್ತೆ ಮಡಚಿ. ಬೆಳಿಗ್ಗೆ ಎಳೆಯುತ್ತಿದ್ದ ಕಣ್ಣು ಈಗ ಪೂರ್ತಿ ತೆರೆದಿತ್ತು. ಗೋಡೆ ಗಡಿಯಾರದಲ್ಲಿ ಹತ್ತೂಕಾಲು.

ಲಾಂಡ್ರಿಯ ಯಜಮಾನಿ ಪರಾಂಜಪೆ ಬಾಯಿ ಸೀರೆ ಉಟ್ಟೇ ಟೆಂಪೋ ಓಡಿಸುವ ಗಟ್ಟಿಗಿತ್ತಿ. ಹೋಟೆಲಿನ ಹಿಂಬಾಗಿಲಲ್ಲಿ ಸವಿತಾ ಅವರನ್ನು ತಾನೇ ಮಾತಾಡಿಸಿ ಕೆಲಸ ಕೇಳಿದ್ದಳಂತೆ. ದಾರಿಯಲ್ಲೇ, ನನಗೆ ಇಂಥ ಕಾಯಿಲೆ ಇದೆ, ಗುಳಿಗೆ ತಗೊಳ್ಳುತ್ತೇನೆ, ಹತ್ತಕ್ಕೆ ಬರುತ್ತೇನೆ, ತಿಂಗಳಿಗೊಮ್ಮೆ ಡಾಕ್ಟರ ಬಳಿ ಹೋಗಲು ಅರ್ಧ ದಿನ ರಜೆ ಬೇಕು ಎಂದೂ ಹೇಳಿದ್ದಳಂತೆ. ತಾನೇ! "ನನಗೂ ಬಿಪಿ ಗುಳಿಗೆ ಇದೆ, ಮಡಿಕೆ ನೆಟ್ಟಗಿದ್ದರೆ ಸಾಕು" ಎಂದಿದ್ದರಂತೆ ಬಾಯಿ. ನಾನು ವಾರವಿಡೀ ಬೆವರು ಸುರಿಸಿ ಕೆಡಿಸಿದ್ದನ್ನು ಅವಳು ಮಾಟುಂಗದಿಂದ ಪಾರ್ಲೆಗೆ ಬರುವಷ್ಟರಲ್ಲಿ ಮುಗಿಸಿದ್ದಳು!

"ಇವರು ಯಾರು?" ಎಂದು ಬಾಯಿ ನನ್ನತ್ತ ಬೊಟ್ಟು ಮಾಡಿದರು.

ಸವಿತಾ ಚಾದರದಿಂದ ಕಣ್ಣೆತ್ತದೆ ಅವರಿಗೆ ಮರಾಠಿಯಲ್ಲಿ ಹೇಳಿದಳು: "ಇವರು ಟ್ರೇನಿಂಗ್‌ನಲ್ಲಿದ್ದಾರೆ. ಕಲಿಯಲಿಕ್ಕೆ ಅಂತ ನನ್ನನ್ನು ಕೊಟ್ಟಿದ್ದಾರೆ. ಇನ್ನೂ ಕಲಿತಿಲ್ಲ."

ಬಾಯಿ ಆಚೆ ಹೋದ ಮೇಲೆ ನಾನು ಅವಳ ಮುಂದೆ ನಿಂತು, ತಪ್ಪಾಯಿತಮ್ಮ ಎಂದೆ. ಅವಳ ಕೈ ನಿಂತಿತು.

"ನನ್ನ ರೋಗ ನನ್ನದರಿ. ಯಾರಿಗೆ ಹೇಳ್ಬೇಕು, ಎಷ್ಟು ಹೇಳ್ಬೇಕು, ನಾನ ಹೇಳ್ಬೇಕು. ನೀವು ಪಾಯಸಧಂಗ ಎಲ್ಲಾರಿಗೂ ಹಂಚಿಬಿಟ್ರಿ" ಎಂದಳು. ದನಿ ಏರಿಸಲಿಲ್ಲ. ಏರಿಸಿದ್ದರೆ ಚೆನ್ನಾಗಿತ್ತು. ಮನೆಗೆ ಹೋಗಿ ಗಿರಿಜೆಗೆ ಹೇಳಿದೆ. ಅವಳು ಒಂದು ಲೋಟ ನೀರು ಕೊಟ್ಟಳು. ಮೂವರು ಹೆಂಗಸರು ಒಂದೇ ದಿನ ನನ್ನನ್ನು ಬೈಯದೆ ಬಿಟ್ಟಿದ್ದರಿಂದ ಆ ದಿನ ನನಗೆ ಊಟ ಸೇರಲಿಲ್ಲ.

ಇಲ್ಲಿಗೆ ಬುದ್ಧಿ ಬಂತು ಎಂದುಕೊಂಡಿರಾ? ನಾನೂ ಹಾಗೇ ಎಂದುಕೊಂಡಿದ್ದೆ.

ಕೆಲಸ ಸಿಗುವುದು ಬೇರೆ, ಉಳಿಯುವುದು ಬೇರೆ ಎಂದು ತನ್ವಿ ಮೇಡಂ ಹೇಳಿದ್ದರು. ಉಳಿಸುವ ಜವಾಬ್ದಾರಿ ನನ್ನದು. ವಾರಕ್ಕೊಮ್ಮೆ ಹೋಗಿ ವಿಚಾರಿಸಿದರೆ ಸಾಕು ಎಂದಿದ್ದರು. ಆದರೆ ಎರಡು ಗಲ್ಲಿ ಆಚೆ ಇರುವ ಹುಡುಗಿಯನ್ನು ವಾರಕ್ಕೊಮ್ಮೆ ನೋಡುವುದೇ? ಬರಿಗೈಯಲ್ಲಿ ಹೋಗುವುದೇ? ನಾನು ದಿನಾ ಹನ್ನೊಂದಕ್ಕೆ ನೀರುದೋಸೆಯ ಡಬ್ಬಿ ಹಿಡಿದು ಹೋಗತೊಡಗಿದೆ. ಸವಿತಾಳಿಗೊಬ್ಬಳಿಗೇ ಕೊಟ್ಟರೆ ಎದ್ದು ಕಾಣುತ್ತದೆಂದು ಅಲ್ಲಿದ್ದ ಒಂಬತ್ತು ಜನರಿಗೂ ಕೊಟ್ಟೆ. ಬೇಡ ಎಂದವರಿಗೆ ಹೆಚ್ಚು ಕೊಟ್ಟೆ. "ಹೇಗಿದ್ದೀ? ನಿದ್ರೆ ಬಂತಾ? ಗುಳಿಗೆ ತಗೊಂಡೆಯಾ?" ಎಂದು ಅವಳನ್ನು ಪ್ರೀತಿಯಿಂದ ವಿಚಾರಿಸುತ್ತಿದ್ದೆ. ಎಂಟನೆಯ ದಿನ, ಚಟ್ನಿ ಮೆತ್ತಿದ ಯಾರದೋ ಕೈಯಿಂದ ಒಂದು ದೊಡ್ಡ ಹೋಟೆಲಿನ ಹನ್ನೆರಡು ಚಾದರಗಳ ಮೇಲೆ ಹಸಿರು ಬೆರಳು ಮೂಡಿದವು.

ಚಾದರಗಳು ವಾಪಸು ಬಂದವು. ಪರಾಂಜಪೆ ಬಾಯಿ ನನ್ನನ್ನು ಬಾಗಿಲಲ್ಲೇ ತಡೆದರು.

"ಬಘಾ ಕಾಕಾ, ನೋಡಿ, ಹುಡುಗಿ ಬಂಗಾರ. ನನ್ನ ಎಂಟು ಜನ ಮಡಚುವಷ್ಟು ಚೆನ್ನಾಗಿ ಒಬ್ಬಳೇ ಮಡಚುತ್ತಾಳೆ. ಆದರೆ ನೀವು ಅವಳ ಜೊತೆ ಫ್ರೀ ಬರುವುದಾದರೆ ನನಗೆ ಇಬ್ಬರೂ ಬೇಡ. ಇನ್ನೊಂದು ದಿನ ಡಬ್ಬಿ ಕಂಡರೆ ಅವಳನ್ನೂ ಕಳಿಸಿಬಿಡುತ್ತೇನೆ."

ನಾನು ದಂಗಾದೆ! ಕಾಯಿಲೆಯಿಂದ ಹೋಗದ ಕೆಲಸ, ಬೆಳಗಿನ ತಲೆಭಾರದಿಂದ ಹೋಗದ ಕೆಲಸ, ನನ್ನ ನೀರುದೋಸೆಯಿಂದ ಹೋಗುವುದರಲ್ಲಿತ್ತು! ಅವಳ ಕೆಲಸ ಉಳಿಸುವುದಕ್ಕೆ ನೇಮಕಗೊಂಡವನು ನಾನು. ಅವಳ ಕೆಲಸಕ್ಕೆ ಇದ್ದ ಒಂದೇ ಅಪಾಯವೂ ನಾನೇ!

ಸವಿತಾ ಒಳಗಿನಿಂದ ಎಲ್ಲ ಕೇಳಿಸಿಕೊಂಡಿದ್ದಳು. ಬಾಗಿಲಿಗೆ ಬಂದಳು. ಮೊದಲ ಸಲ ನನ್ನ ಮುಖವನ್ನೇ ನೋಡಿ ಮಾತಾಡಿದಳು.

"ಅಂಕಲ್, ಬರಬ್ಯಾಡ್ರಿ. ನಾ ಖರೇನ ಹೇಳಾಕತ್ತೀನಿ. ನನಗ ಕಲ್ಯಾಣಕ್ಕ ಹೋಗೂದು ಬ್ಯಾಡ."

ನಾಲಿಗೆಯ ತುದಿಗೆ ಬಂದಿತ್ತು, 'ವಾರಕ್ಕೆ ಎರಡು ಸಲ?' ಎಂದು. ಅವಳ ಕೈ ಬಾಗಿಲ ಚೌಕಟ್ಟನ್ನು ಹಿಡಿದಿತ್ತು. ಬೆರಳು ಬೆಳ್ಳಗಾಗುವಷ್ಟು ಬಿಗಿಯಾಗಿ. ಎಲೆಯ ಮೇಲೆ ಅಡ್ಡ ಹಿಡಿದ ಸಾವಿರಾರು ಕೈಗಳನ್ನು ನೋಡಿದ್ದೇನೆ. ಅವುಗಳಲ್ಲಿ ಎಷ್ಟು ಕೈ ಹೀಗಿದ್ದವೋ, ನಾನು ಸೌಟು ಬಿಟ್ಟು ಬೇರೆ ಏನನ್ನೂ ನೋಡಿರಲಿಲ್ಲ. "ಆಯ್ತಮ್ಮ" ಎಂದು ಡಬ್ಬಿ ಎತ್ತಿಕೊಂಡು ಬಂದೆ.

ಆಮೇಲಿನ ಎರಡೂವರೆ ತಿಂಗಳು ನನ್ನ ಜೀವನದ ಘೋರ ತಪಸ್ಸು. ಪಾರ್ಲೆ ಸ್ಟೇಷನ್ನಿಗೆ ಹೋಗಲು ಆ ಗಲ್ಲಿಯೇ ಹತ್ತಿರದ ದಾರಿ. ಸುತ್ತು ಹಾಕಿ ಹೋಗುತ್ತಿದ್ದೆ. ವಾರಕ್ಕೊಮ್ಮೆ ತನ್ವಿ ಮೇಡಂ ಹೇಳಿದಂತೆ ಒಂದು ಮೆಸೇಜ್: 'ಎಲ್ಲ ಸರಿ ಇದೆಯೇ? ಏನಾದರೂ ಬೇಕೇ?' ಉತ್ತರ ಪ್ರತಿ ಸಲವೂ ಒಂದೇ: 'ಎಲ್ಲಾ ಸರಿ. ಬ್ಯಾಡ.' ನಾನು ಫೋನನ್ನು ಗಿರಿಜೆಯ ಕೈಗೆ ಕೊಟ್ಟುಬಿಡುತ್ತಿದ್ದೆ, ಎರಡನೆಯ ಮೆಸೇಜ್ ಕಳಿಸದ ಹಾಗೆ. ಒಂದು ಸಲ ಮಾತ್ರ ಉತ್ತರ ಬೇರೆ ಬಂತು. ಡಾಕ್ಟರ ತಾರೀಖು ಬದಲಾಗಿದೆ, ಆ ದಿನ ದೊಡ್ಡ ಹೋಟೆಲಿನ ಲೋಡ್ ಇದೆ, ಪರಾಂಜಪೆ ಬಾಯಿಯನ್ನು ಹೇಗೆ ಕೇಳಲಿ ಎಂದು. ನಾನು ಹೋಗಿ ಕೇಳಲೇ ಎಂದು ಬರೆದು, ಅಳಿಸಿ, ನೀನೇ ಎರಡು ದಿನ ಮೊದಲು ಕೇಳು, ಹೀಗೆ ಕೇಳು ಎಂದು ನಾಲ್ಕು ಸಾಲು ಬರೆದೆ. ಕೇಳಿದಳು. ರಜೆ ಸಿಕ್ಕಿತು. ಅಷ್ಟೇ ನಾನು ಮಾಡಿದ ಕೆಲಸ. ಮನೆಯಲ್ಲೂ ಅಭ್ಯಾಸ ನಡೆದೇ ಇತ್ತು. ಗಿರಿಜೆ ಬೇಡ ಎಂದ ತಕ್ಷಣ ನಾನು ಗ್ಯಾಸ್ ಆರಿಸುತ್ತಿದ್ದೆ. ಅವಳ ಹಳೆಯ ರವಿಕೆಗಳು ಮತ್ತೆ ಹಿಡಿಸತೊಡಗಿದವು.

ಮೂರು ತಿಂಗಳು ತುಂಬಿತು. ಪರೇಲಿನಲ್ಲಿ ಸರ್ಟಿಫಿಕೇಟ್ ಸಮಾರಂಭ. ಗಿರಿಜೆಯೂ ಬಂದಳು. ಸವಿತಾ ತಾಯಿಯ ಜೊತೆ, ಗರಿಗರಿ ಇಸ್ತ್ರಿ ಮಾಡಿದ ನೀಲಿ ಸೀರೆಯಲ್ಲಿ ಬಂದಳು. ಕಲ್ಯಾಣದ ಅಣ್ಣನೂ ಹಿಂದಿನ ಸಾಲಿನಲ್ಲಿ ಕೈಕಟ್ಟಿ ಕೂತಿದ್ದ. ನನಗೆ ಜರಿ ಅಂಚಿನ ಪಂಚೆ ಉಡುವ ಧೈರ್ಯ ಇರಲಿಲ್ಲ, ಪ್ಯಾಂಟ್ ಹಾಕಿದ್ದೆ.

ತನ್ವಿ ಮೇಡಂ ಸವಿತಾಳ ಕೈಗೆ ಮೈಕ್ ಕೊಟ್ಟು ಕೇಳಿದರು: "ಕೆಲಸ ಉಳಿಸಿಕೊಳ್ಳಲು ನಿಮ್ಮ ಕೋಚ್ ಮಾಡಿದ ಎಲ್ಲಕ್ಕಿಂತ ದೊಡ್ಡ ಸಹಾಯ ಯಾವುದು?"

ನಾನು ಕಾಲರ್ ಸರಿಮಾಡಿಕೊಂಡೆ. ಆ ನಾಲ್ಕು ಸಾಲಿನ ಮೆಸೇಜ್ ಬಗ್ಗೆ ಹೇಳುತ್ತಾಳೆ!

ಸವಿತಾ ಯೋಚಿಸಿದಳು. ಸುಳ್ಳು ಹೇಳುವ ಹುಡುಗಿಯಲ್ಲ ಅವಳು.

"ಬರೂದು ಬಿಟ್ರು" ಎಂದಳು.

ಮೇಡಂ ಅದನ್ನು ಹಿಂದಿಯಲ್ಲಿ ಹೇಳಿದ ಕೂಡಲೇ ಸಭೆ ಚಪ್ಪಾಳೆಯಲ್ಲಿ ಮುಳುಗಿತು. ಎಲ್ಲರಿಗಿಂತ ಜೋರಾಗಿ ತಟ್ಟಿದವಳು ಗಿರಿಜೆ. ನಾನು ಎದ್ದು ನಿಂತು ನಾಲ್ಕೂ ದಿಕ್ಕಿಗೆ ಕೈಮುಗಿದೆ. ಬೇರೆ ಏನು ಮಾಡಲಿ?

ಕಾರ್ಯಕ್ರಮ ಮುಗಿದ ಮೇಲೆ ಸವಿತಾ ತನ್ನ ಸಂಬಳದಲ್ಲಿ ತಂದ ಧಾರವಾಡ ಪೇಡೆಯ ಡಬ್ಬಿ ಹಿಡಿದು ಪ್ರತಿ ಕುರ್ಚಿಗೂ ಹೋದಳು. ಪೇಡೆ ಎಂದರೆ ನನಗೆ ಪ್ರಾಣ. ಡಬ್ಬಿ ಹತ್ತಿರ ಬರುತ್ತಿದ್ದಂತೆ ಬಾಯಲ್ಲಿ ನೀರೂರಿತು. ನನ್ನ ಮುಂದೆ ಬಂದು, "ತಗೋರಿ ಅಂಕಲ್" ಎಂದಳು. ಮುಖದಲ್ಲಿ ನಗು ಇತ್ತು, ನನಗಾಗಿ ಮೊದಲ ಸಲ.

ಅರವತ್ತೆರಡು ವರ್ಷದ ಸಂಸ್ಕಾರ ನೋಡಿ! ಮರ್ಯಾದಸ್ಥನಾದವನು ಮೊದಲ ಸಲಕ್ಕೇ ಕೈ ಚಾಚುತ್ತಾನೆಯೇ? ನಾನು ತುಸು ಹಿಂದೆ ಸರಿದು, ಕೈ ಅಡ್ಡ ಹಿಡಿದು, "ಅಯ್ಯೋ, ಬೇಡಮ್ಮ" ಎಂದೆ.

"ಆತ್ರಿ" ಎಂದಳು ಸವಿತಾ. ಡಬ್ಬಿ ಮುಂದಿನ ಕುರ್ಚಿಗೆ ಹೋಯಿತು.